ಯುದ್ಧದ ನಡುವೆ ಔಷಧ ಪರೀಕ್ಷೆ ನ್ಯಾಯವೇ?

ಪ್ರಶ್ನೆ: ಯುದ್ಧ, ದಂಗೆ ನಡೆಯುತ್ತಿರುವ ದೇಶಗಳಲ್ಲಿ ಹೊಸ ಔಷಧಗಳನ್ನು ರೋಗಿಗಳ ಮೇಲೆ ಪರೀಕ್ಷಿಸುತ್ತಾರೆಂದು ಓದಿದೆ. ಊಟಕ್ಕೂ ಗತಿಯಿಲ್ಲದ ಜನರ ಮೇಲೆ ಹೀಗೆ ಪ್ರಯೋಗ ನಡೆಸುವುದು ತಪ್ಪಲ್ಲವೇ? ಅಂಥ ಕಡೆ ಸರಿಯಾದ ಸಂಶೋಧನೆ ಸಾಧ್ಯವೇ? ಡಾಕ್ಟರು, ನರ್ಸುಗಳ ತರಬೇತಿಯ ಕಥೆ ಏನು? ನಮ್ಮ ಬೀದಿಯ ಹುಡುಗನೊಬ್ಬ 2022ರಲ್ಲಿ ಉಕ್ರೇನಿನಿಂದ ಎಂಬಿಬಿಎಸ್ ಅರ್ಧಕ್ಕೇ ಬಿಟ್ಟು ಬಂದ. ಆಗಿನಿಂದ ಇವೆಲ್ಲ ನನ್ನನ್ನು ಕಾಡುತ್ತಿವೆ.
— ಓದುಗರೊಬ್ಬರು, ದಾವಣಗೆರೆ

ಉತ್ತರ: ನಿಮ್ಮ ಮೊದಲ ಪ್ರಶ್ನೆಯೇ ಎಲ್ಲಕ್ಕಿಂತ ದೊಡ್ಡದು. ಅದಕ್ಕೆ ನೇರವಾಗಿ ಉತ್ತರ ಹೇಳಿ ಮುಂದಕ್ಕೆ ಹೋಗುತ್ತೇನೆ. ಯುದ್ಧದಲ್ಲಿ ಸಿಕ್ಕಿಕೊಂಡ ಜನರ ನಡುವೆ ವೈದ್ಯ ಸಂಶೋಧನೆ ನಡೆಸುವುದೇ ತಪ್ಪು ಎನ್ನಲಾಗದು. ಅವರನ್ನು ಕಾಡುವ ಕಾಯಿಲೆಯನ್ನು ಬಿಟ್ಟು, ಬೇರೆಲ್ಲೋ ಇರುವವರ ಅನುಕೂಲಕ್ಕೆ ಅವರ ಮೈಯನ್ನು ಬಳಸಿಕೊಂಡರೆ ತಪ್ಪು. ಒಪ್ಪಿಗೆ ಕೇಳದೆ ನಡೆಸಿದರೆ ತಪ್ಪು. ಕಂಡುಕೊಂಡದ್ದನ್ನು ಅವರಿಗೆ ಕೊಡದೆ ಗಂಟುಮೂಟೆ ಕಟ್ಟಿ ಹೊರಟುಬಿಟ್ಟರೆ ತಪ್ಪು. ಆದರೆ ಸಂಶೋಧನೆಯ ಗೊಡವೆಯೇ ಬೇಡವೆಂದು ಊಹೆಯ ಮೇಲೆ ಮದ್ದು ಕೊಡುತ್ತಾ ಹೋಗುವುದೂ ಒಂದು ಪ್ರಯೋಗವೇ. ಅದರಲ್ಲಿ ಸತ್ತವರ, ಉಳಿದವರ ಲೆಕ್ಕವನ್ನು ಯಾರೂ ಇಡುವುದಿಲ್ಲ. ಮುಂದೆ ಬರುವ ರೋಗಿಗೆ ಅದರಿಂದ ಏನೂ ದಕ್ಕುವುದಿಲ್ಲ.

ಇದನ್ನು ಬರಿಯ ತತ್ವವಾಗಿ ಹೇಳಿದರೆ ಮನಸ್ಸಿಗೆ ಹತ್ತದು. ನಮ್ಮ ಅಂಗನವಾಡಿಗಳಲ್ಲೂ ಆಶಾ ಕಾರ್ಯಕರ್ತೆಯರ ಚೀಲದಲ್ಲೂ ಇರುವ ಒ.ಆರ್.ಎಸ್. ಪೊಟ್ಟಣವನ್ನೇ ತೆಗೆದುಕೊಳ್ಳಿ. ಭೇದಿಯಾದ ಮಗುವಿಗೆ ತಾಯಿಯೇ ಅದನ್ನು ಕುಡಿಸಬಹುದು ಎಂಬ ನಂಬಿಕೆ ಗಟ್ಟಿಯಾದದ್ದು ಒಂದು ಯುದ್ಧದ ನಿರಾಶ್ರಿತರ ನಡುವೆ.

ಬನಗಾಂವ್, 1971

1971ರ ಮಾರ್ಚ್‌ನಲ್ಲಿ ಆಗಿನ ಪೂರ್ವ ಪಾಕಿಸ್ತಾನದಲ್ಲಿ ಸೇನೆಯ ಕಾರ್ಯಾಚರಣೆ ಶುರುವಾಯಿತು. ಆ ವರ್ಷ ಸುಮಾರು ಒಂದು ಕೋಟಿ ಜನ ಗಡಿ ದಾಟಿ ಭಾರತಕ್ಕೆ ಬಂದರು. ಶಿಬಿರಗಳಲ್ಲಿ ಜನ ಕಿಕ್ಕಿರಿದಿದ್ದರು, ಕುಡಿಯಲು ಶುದ್ಧ ನೀರಿರಲಿಲ್ಲ, ಮೇಲೆ ಮಳೆಗಾಲ. ಕಾಲರಾ ಹಬ್ಬಿತು. ಕಲ್ಕತ್ತದ ಜಾನ್ಸ್ ಹಾಪ್ಕಿನ್ಸ್ ಸಂಶೋಧನಾ ಕೇಂದ್ರದಲ್ಲಿದ್ದ ಡಾ. ದಿಲೀಪ್ ಮಹಾಲನಬೀಸ್ ತಮ್ಮ ತಂಡದೊಂದಿಗೆ ಗಡಿ ಪಟ್ಟಣವಾದ ಬನಗಾಂವ್‌ಗೆ ಹೋದರು. ಅಲ್ಲಿನ ಆಸ್ಪತ್ರೆಯಲ್ಲಿ ಕಾಲರಾಕ್ಕೆಂದು ಇದ್ದದ್ದು ಎರಡು ಕೋಣೆ. ರೋಗಿಗಳು ನೆಲದ ಮೇಲೆಯೇ ಮಲಗಿದ್ದರು. ವಾಂತಿ, ಭೇದಿಯಿಂದ ತೊಯ್ದ ಆ ನೆಲದ ಮೇಲೆ ಮಂಡಿಯೂರಿ ಕೂತೇ ಅವರಿಗೆ ಡ್ರಿಪ್ ಹಾಕಬೇಕಿತ್ತು.

ಕಾಲರಾ ಜೀವ ತೆಗೆಯುವುದು ಮೈಯ ನೀರನ್ನೂ ಉಪ್ಪನ್ನೂ ಬರಿದು ಮಾಡಿ. ಗಂಟೆಗೆ ಒಂದು ಲೀಟರಿನಷ್ಟು ನೀರು ಕಳೆದುಕೊಳ್ಳುವ ರೋಗಿಗಳೂ ಇರುತ್ತಾರೆ. ಆಗ ಇದ್ದ ಚಿಕಿತ್ಸೆ ರಕ್ತನಾಳಕ್ಕೆ ಸಲೈನ್ ಏರಿಸುವುದು. ಅದಕ್ಕೆ ಶುದ್ಧವಾಗಿ ತಯಾರಿಸಿದ ಬಾಟಲಿಗಳು ಬೇಕು, ಸೂಜಿ ಬೇಕು, ರಕ್ತನಾಳ ಹುಡುಕಿ ಚುಚ್ಚಬಲ್ಲ ಕೈ ಬೇಕು. ಬನಗಾಂವ್‌ನಲ್ಲಿ ಬಾಟಲಿಗಳೂ ಮುಗಿಯುತ್ತಾ ಬಂದವು, ಸೂಜಿ ಚುಚ್ಚಬಲ್ಲ ಕೈಗಳೂ ಸಾಲದಾದವು.

ದಾರಿಯೊಂದು ಕಾಗದದ ಮೇಲೆ ಇತ್ತು. ಕಾಲರಾ ಪೀಡಿತ ಕರುಳು ನೀರನ್ನು ಹೊರಗೆ ಚೆಲ್ಲುತ್ತಿದ್ದರೂ, ಗ್ಲೂಕೋಸಿನ ಜೊತೆಯಲ್ಲಿ ಸೋಡಿಯಂ ಕೊಟ್ಟರೆ ಎರಡನ್ನೂ ಹೀರಿಕೊಳ್ಳುತ್ತದೆ. ಅವುಗಳ ಹಿಂದೆಯೇ ನೀರೂ ಒಳಗೆ ಹೋಗುತ್ತದೆ. ಇದನ್ನು ಆಧರಿಸಿ ಡೇವಿಡ್ ನಾಲಿನ್ ಮತ್ತು ರಿಚರ್ಡ್ ಕ್ಯಾಶ್ ಢಾಕಾದಲ್ಲಿ ಪ್ರಯೋಗ ನಡೆಸಿ, ಬಾಯಿಯ ಮೂಲಕ ಕೊಟ್ಟ ದ್ರಾವಣ ಸಲೈನಿನ ಅಗತ್ಯವನ್ನು ಬಹಳಷ್ಟು ತಗ್ಗಿಸುತ್ತದೆ ಎಂದು 1968ರಲ್ಲಿ ಪ್ರಕಟಿಸಿದ್ದರು. ಆದರೆ ಅದು ಸಂಶೋಧನಾ ಆಸ್ಪತ್ರೆಯ ವಾರ್ಡಿನಲ್ಲಿ, ರೋಗಿ ಕುಡಿದದ್ದನ್ನೂ ಕಳೆದುಕೊಂಡದ್ದನ್ನೂ ಅಳೆಯುವ ನರ್ಸುಗಳ ಕಣ್ಣಳತೆಯಲ್ಲಿ ನಡೆದದ್ದು. ತರಬೇತಿಯಿಲ್ಲದವರ ಕೈಗೆ ಇದನ್ನು ಕೊಟ್ಟರೆ ಅನಾಹುತವಾದೀತು ಎಂಬ ಅಳುಕು ವೈದ್ಯ ವಲಯದಲ್ಲಿ ಇತ್ತು.

ಮಹಾಲನಬೀಸ್ ಆ ಅಳುಕನ್ನು ದಾಟಲೇಬೇಕಾಯಿತು. ಒಂದು ಲೀಟರ್ ನೀರಿಗೆ 22 ಗ್ರಾಂ ಗ್ಲೂಕೋಸ್, 3.5 ಗ್ರಾಂ ಅಡುಗೆ ಉಪ್ಪು, 2.5 ಗ್ರಾಂ ಅಡುಗೆ ಸೋಡಾ. ಇಷ್ಟೇ. ಕಲ್ಕತ್ತದಲ್ಲಿ ತೂಗಿ, ಪ್ಲಾಸ್ಟಿಕ್ ಚೀಲಗಳಿಗೆ ತುಂಬಿ, ಇಸ್ತ್ರಿಪೆಟ್ಟಿಗೆಯ ಬಿಸಿಯಲ್ಲಿ ಬಾಯಿ ಮುಚ್ಚಿ ಬನಗಾಂವ್‌ಗೆ ಸಾಗಿಸಿದರು. ಅಲ್ಲಿ ನಲ್ಲಿಯಿದ್ದ ಡ್ರಮ್ಮುಗಳಲ್ಲಿ ಕಲಸಿಟ್ಟರು. ಅಪ್ಪ, ಅಮ್ಮ, ಅಕ್ಕ, ಚಿಕ್ಕಪ್ಪ ಹೀಗೆ ರೋಗಿಯ ಜೊತೆ ಯಾರಿದ್ದರೋ ಅವರೇ ಲೋಟ ಹಿಡಿದು ಬಂದು ತುಂಬಿಕೊಂಡು ಹೋಗಿ ಕುಡಿಸಿದರು. ತೀರಾ ನಿತ್ರಾಣರಾಗಿ ಬಂದವರಿಗೆ ಮಾತ್ರ ಉಳಿದ ಸಲೈನ್. ಶಿಬಿರದಲ್ಲಿ ನೂರಕ್ಕೆ ಸುಮಾರು 30ರಷ್ಟಿದ್ದ ಸಾವಿನ ಪ್ರಮಾಣ ಆ ಕೇಂದ್ರಕ್ಕೆ ಬಂದವರಲ್ಲಿ 3.6ಕ್ಕೆ ಇಳಿಯಿತು.

ಇದನ್ನು ಸಂಶೋಧನೆ ಎನ್ನಬಹುದೇ? ಕಟ್ಟುನಿಟ್ಟಿನ ಅರ್ಥದಲ್ಲಿ ಅಲ್ಲ. ಹೋಲಿಸಿ ನೋಡಲು ಇನ್ನೊಂದು ಗುಂಪು ಇರಲಿಲ್ಲ, ಚೀಟಿ ಎತ್ತಿ ರೋಗಿಗಳನ್ನು ಹಂಚಲಿಲ್ಲ. ಕೊಡಲು ಬೇರೆ ಚಿಕಿತ್ಸೆಯೇ ಇಲ್ಲದಾಗ ಹಾಗೆ ಹಂಚುವುದು ಅನ್ಯಾಯವೂ ಆಗುತ್ತಿತ್ತು. ಆದರೆ ಬಂದವರೆಷ್ಟು, ಉಳಿದವರೆಷ್ಟು ಎಂದು ಆ ತಂಡ ನಿಷ್ಠೆಯಿಂದ ಬರೆದಿಟ್ಟಿತು. ವರದಿ ಪ್ರಕಟವಾದದ್ದು 1973ರಲ್ಲಿ. ವಿಶ್ವ ಆರೋಗ್ಯ ಸಂಸ್ಥೆಯ ಡಾ. ಧೀಮಾನ್ ಬರುವಾ ಬನಗಾಂವ್‌ಗೆ ಹೋಗಿ ಕಣ್ಣಾರೆ ನೋಡಿದ್ದವರು. ಮುಂದೆ ಜಗತ್ತಿಗೆಲ್ಲ ಇದನ್ನು ಒಪ್ಪಿಸಲು ದುಡಿದರು. 1978ರಲ್ಲಿ ಆ ಸಂಸ್ಥೆ ಅತಿಸಾರ ನಿಯಂತ್ರಣಕ್ಕೆಂದೇ ಕಾರ್ಯಕ್ರಮ ಆರಂಭಿಸಿ ಒ.ಆರ್.ಎಸ್. ಅನ್ನು ಅದರ ನಡುವಿನಲ್ಲಿ ಇಟ್ಟಿತು.

ಕಲಿಯಬೇಕಾದದ್ದು ಇಲ್ಲಿದೆ. ಶಾಂತವಾದ ಪ್ರಯೋಗಾಲಯ ಕೇಳಿದ ಪ್ರಶ್ನೆ, ಈ ದ್ರಾವಣ ಕೆಲಸ ಮಾಡುತ್ತದೆಯೇ ಎಂಬುದು. ಯುದ್ಧ ಕೇಳಿದ ಪ್ರಶ್ನೆ ಬೇರೆ: ಡಾಕ್ಟರಿಲ್ಲದೆಯೂ ಕೆಲಸ ಮಾಡುತ್ತದೆಯೇ? ಜಗತ್ತಿನ ಬಹುಪಾಲು ಹಳ್ಳಿಗಳಿಗೆ ಬೇಕಿದ್ದದ್ದು ಈ ಎರಡನೆಯ ಪ್ರಶ್ನೆಯ ಉತ್ತರ. ಸಂಘರ್ಷದ ನೆಲದಲ್ಲಿ ಒಳ್ಳೆಯ ಸಂಶೋಧನೆ ಅಲ್ಲಿನ ಕೊರತೆಯಿಂದಲೇ ತನ್ನ ಪ್ರಶ್ನೆಯನ್ನು ಎತ್ತಿಕೊಳ್ಳುತ್ತದೆ. ಮಹಾಲನಬೀಸ್ 2022ರಲ್ಲಿ ತೀರಿಕೊಂಡರು. ಮರುವರ್ಷ ಭಾರತ ಸರ್ಕಾರ ಅವರಿಗೆ ಮರಣೋತ್ತರ ಪದ್ಮವಿಭೂಷಣ ಕೊಟ್ಟಿತು.

ಗುಂಡಿನ ಸದ್ದಿನಲ್ಲೂ ಕಟ್ಟುನಿಟ್ಟಿನ ಪರೀಕ್ಷೆ

ಹಾಗಾದರೆ ಪೂರ್ಣ ಅರ್ಥದ ಔಷಧ ಪರೀಕ್ಷೆ ಅಂಥ ಕಡೆ ಸಾಧ್ಯವೇ ಇಲ್ಲವೇ? ಸಾಧ್ಯ ಎಂದು ತೋರಿಸಿಕೊಟ್ಟದ್ದು ಕಾಂಗೋ.

2018ರ ಆಗಸ್ಟ್ 1ರಂದು ಕಾಂಗೋ ಪ್ರಜಾಸತ್ತಾತ್ಮಕ ಗಣರಾಜ್ಯದ ಪೂರ್ವ ಭಾಗದ ಉತ್ತರ ಕಿವು ಪ್ರಾಂತ್ಯದಲ್ಲಿ ಎಬೋಲಾ ಘೋಷಣೆಯಾಯಿತು. ಹತ್ತಾರು ವರ್ಷಗಳಿಂದ ಸಶಸ್ತ್ರ ಗುಂಪುಗಳ ಹಿಂಸೆಯಲ್ಲಿ ನಲುಗಿದ ಪ್ರದೇಶವದು. ಅದೇ ವರ್ಷ ನವೆಂಬರಿನಲ್ಲಿ ಅಲ್ಲಿ ನಾಲ್ಕು ಔಷಧಗಳನ್ನು ಹೋಲಿಸುವ ಪರೀಕ್ಷೆ ಆರಂಭವಾಯಿತು. ಅದಕ್ಕಿಟ್ಟ ಸ್ವಾಹಿಲಿ ಹೆಸರು ‘ಪಮೋಜಾ ತುಲಿಂದೆ ಮೈಶಾ’, ಎಂದರೆ ‘ಒಟ್ಟಾಗಿ ಜೀವ ಉಳಿಸೋಣ’. ಮುಂದಾಳು ಡಾ. ಝಾನ್-ಝಾಕ್ ಮುಯೆಂಬೆ. 1976ರಲ್ಲಿ ಎಬೋಲಾ ಮೊದಲು ಕಾಣಿಸಿಕೊಂಡ ಯಾಂಬುಕುಗೆ ಹೋಗಿ ರೋಗಿಗಳ ರಕ್ತದ ಮಾದರಿ ತೆಗೆದ ಕಾಂಗೋ ವೈದ್ಯರು ಅವರು. ಪರೀಕ್ಷೆಯ ಹೊತ್ತಿಗೆ ಕಿನ್ಶಾಸಾದ ರಾಷ್ಟ್ರೀಯ ಜೀವವೈದ್ಯ ಸಂಶೋಧನಾ ಸಂಸ್ಥೆಯ ಮುಖ್ಯಸ್ಥರಾಗಿದ್ದರು.

ಇಲ್ಲಿ ರೋಗಿಗಳನ್ನು ಚೀಟಿ ಎತ್ತಿದಂತೆ ನಾಲ್ಕು ಗುಂಪುಗಳಿಗೆ ಹಂಚಿದರು. ಬರೀ ಹುಸಿಮದ್ದು ಸಿಕ್ಕವರು ಯಾರೂ ಇರಲಿಲ್ಲ. ನಾಲ್ಕೂ ಗುಂಪಿಗೆ ಭರವಸೆಯ ಔಷಧವೇ ಸಿಕ್ಕಿತು, ಜೊತೆಗೆ ಒಳ್ಳೆಯ ಆರೈಕೆಯೂ ಸಿಕ್ಕಿತು. ನಿಮ್ಮ ಆತಂಕಕ್ಕೆ ಇದು ಒಂದು ಉತ್ತರ. ಅಳತೆಗೋಲು 28 ದಿನಗಳಲ್ಲಿ ಬದುಕುಳಿದವರೆಷ್ಟು ಎಂಬುದು. ಇಂದು ಇದ್ದ ಕುಟುಂಬ ನಾಳೆ ಊರು ಬಿಟ್ಟು ಓಡಬೇಕಾದ ಕಡೆ ರೋಗಿಯನ್ನು ವರ್ಷಗಟ್ಟಲೆ ಹಿಂಬಾಲಿಸಿ ಲೆಕ್ಕ ಹಾಕುವ ಪರೀಕ್ಷೆ ನಿಲ್ಲುವುದಿಲ್ಲ. ಬೇಗ, ಖಚಿತವಾಗಿ ಉತ್ತರ ಸಿಗುವ ಪ್ರಶ್ನೆಯನ್ನೇ ಆರಿಸಿಕೊಳ್ಳಬೇಕು.

ಅಡ್ಡಿಗಳು ಒಂದೆರಡಲ್ಲ. 2018ರ ಡಿಸೆಂಬರಿನಲ್ಲಿ ಎಬೋಲಾ ಮತ್ತು ಅಭದ್ರತೆಯ ಕಾರಣ ಹೇಳಿ ಬೆನಿ, ಬುಟೆಂಬೊ ಪ್ರದೇಶಗಳಲ್ಲಿ ಮತದಾನ ಮುಂದೂಡಿದರು. ರೋಗದ ನೆಪದಲ್ಲಿ ತಮ್ಮ ಮತವನ್ನೇ ಕಸಿದರು ಎಂದು ಸಿಟ್ಟಿಗೆದ್ದ ಜನ ಬೆನಿಯ ಎಬೋಲಾ ಕೇಂದ್ರವೊಂದಕ್ಕೆ ನುಗ್ಗಿದರು. 2019ರ ಫೆಬ್ರುವರಿ ಕೊನೆಯ ವಾರದಲ್ಲಿ ಕಟ್ವಾ ಮತ್ತು ಬುಟೆಂಬೊದ ಚಿಕಿತ್ಸಾ ಕೇಂದ್ರಗಳ ಮೇಲೆ ಒಂದರ ಹಿಂದೊಂದು ದಾಳಿಯಾಗಿ, ಅವನ್ನು ನಡೆಸುತ್ತಿದ್ದ ಗಡಿಯಿಲ್ಲದ ವೈದ್ಯರ ಸಂಸ್ಥೆ ಅಲ್ಲಿಂದ ಹಿಂದೆ ಸರಿಯಬೇಕಾಯಿತು. ಏಪ್ರಿಲ್ 19ರಂದು ಬುಟೆಂಬೊದ ಆಸ್ಪತ್ರೆಗೆ ನುಗ್ಗಿದ ಬಂದೂಕುಧಾರಿಗಳು ಕ್ಯಾಮರೂನಿನ ಡಾ. ರಿಷಾರ್ ಮುಝೋಕೊ ಅವರನ್ನು ಕೊಂದರು. ವಿಶ್ವ ಆರೋಗ್ಯ ಸಂಸ್ಥೆಯ ಪರವಾಗಿ ಸೇವೆಗೆ ಬಂದಿದ್ದವರು ಅವರು.

ಇಷ್ಟರ ನಡುವೆಯೂ 681 ರೋಗಿಗಳು ಪರೀಕ್ಷೆಗೆ ಸೇರಿದರು. 2019ರ ಆಗಸ್ಟ್‌ನಲ್ಲಿ, ನಡುವೆ ಅಂಕಿಗಳನ್ನು ಪರಿಶೀಲಿಸುವ ಸ್ವತಂತ್ರ ಸಮಿತಿ ಎರಡು ಔಷಧಗಳು ಉಳಿದೆರಡಕ್ಕಿಂತ ಸ್ಪಷ್ಟವಾಗಿ ಮೇಲು ಎಂದು ಕಂಡುಕೊಂಡಿತು. ಕೂಡಲೇ ಹೋಲಿಕೆಯನ್ನು ನಿಲ್ಲಿಸಿ, ಮುಂದೆ ಬಂದ ರೋಗಿಗಳಿಗೆ ಆ ಎರಡನ್ನೇ ಕೊಟ್ಟರು. ಗೆದ್ದ ಔಷಧಗಳ ಗುಂಪಿನಲ್ಲಿ ಸಾವು ನೂರಕ್ಕೆ 33.5 ಮತ್ತು 35.1, ಉಳಿದೆರಡರಲ್ಲಿ 49.7 ಮತ್ತು 53.1. ಗೆದ್ದವುಗಳಲ್ಲಿ ಒಂದರ ಮೂಲ, 1995ರಲ್ಲಿ ಕಾಂಗೋದ ಕಿಕ್ವಿಟ್‌ನಲ್ಲಿ ಎಬೋಲಾದಿಂದ ಬದುಕುಳಿದವರೊಬ್ಬರ ರಕ್ತ. ಆ ನೆಲದ ರೋಗ, ಆ ನೆಲದವರ ರಕ್ತದಲ್ಲಿ ಹುಟ್ಟಿದ ಔಷಧ, ಆ ನೆಲದ ವಿಜ್ಞಾನಿಯ ಮುಂದಾಳತ್ವ.

ಈ ಪರೀಕ್ಷೆ ಕೊಟ್ಟ ಇನ್ನೊಂದು ಅಂಕಿ ನನ್ನನ್ನು ಬಹಳ ಕಲಕಿದೆ. ರೋಗಲಕ್ಷಣ ಕಂಡ ಮೇಲೆ ತಡಮಾಡಿದ ಒಂದೊಂದು ದಿನಕ್ಕೂ ಸಾವಿನ ಸಂಭವ ನೂರಕ್ಕೆ 11ರಷ್ಟು ಏರುತ್ತಿತ್ತು. ಮೈಯಲ್ಲಿ ವೈರಸ್ ಇನ್ನೂ ಕಡಿಮೆಯಿದ್ದಾಗ ಬಂದು ಒಳ್ಳೆಯ ಔಷಧ ಪಡೆದವರಲ್ಲಿ ಸತ್ತವರು ಹತ್ತರಲ್ಲಿ ಸುಮಾರು ಒಬ್ಬರು. ಎಂದರೆ ಆಸ್ಪತ್ರೆಗೆ ಬೆಂಕಿ ಬಿದ್ದಾಗ, ದಾರಿಯಲ್ಲಿ ಗುಂಡು ಹಾರಿದಾಗ, ಊರಿಗೆ ಊರೇ ಹೆದರಿ ಬಾಗಿಲು ಹಾಕಿಕೊಂಡಾಗ ಆದ ಒಂದೊಂದು ದಿನದ ತಡವೂ ಜೀವಗಳನ್ನು ತೆಗೆದುಕೊಂಡಿತು. ಆ ತಡವನ್ನು ತಗ್ಗಿಸಲು ಔಷಧದಷ್ಟೇ ನಂಬಿಕೆಯೂ ಬೇಕಿತ್ತು. ಪಾರದರ್ಶಕ ಗೋಡೆಯ ಕೋಣೆಗಳಲ್ಲಿ ರೋಗಿಗಳನ್ನಿಟ್ಟು, ಮನೆಯವರು ಹೊರಗಿನಿಂದ ಮುಖ ನೋಡುತ್ತಾ ಮಾತಾಡುವಂತೆ ಮಾಡಿದರು. ಎಬೋಲಾದಿಂದ ಗುಣವಾದವರನ್ನೇ ಆರೈಕೆಗೆ ತೆಗೆದುಕೊಂಡರು. ತಾಯಿ ಒಳಗೆ ಮಲಗಿದ್ದಾಗ ಹೊರಗಿನ ಶಿಶುಮಂದಿರದಲ್ಲಿ ಅವಳ ಮಗುವನ್ನು ಎತ್ತಿ ಆಡಿಸಿದವರು ಅವರೇ. ಆ ರೋಗ ಗೆದ್ದು ಬಂದವರು ಕಣ್ಣೆದುರು ಓಡಾಡುತ್ತಿದ್ದದ್ದು ನೂರು ಭಾಷಣಗಳಿಗಿಂತ ಹೆಚ್ಚಿನ ಕೆಲಸ ಮಾಡಿತು.

2020ರ ಜೂನ್‌ನಲ್ಲಿ ಆ ಪಿಡುಗು ಮುಗಿಯುವ ಹೊತ್ತಿಗೆ 2,287 ಜನ ಸತ್ತಿದ್ದರು. ಪರೀಕ್ಷೆ ನಡೆಯದೇ ಹೋಗಿದ್ದರೆ ಮುಂದಿನ ಪಿಡುಗಿಗೂ ನಾವು ಬರಿಗೈಯಲ್ಲೇ ಎದುರಾಗುತ್ತಿದ್ದೆವು. ಇದು ಊಹೆಯ ಮಾತಲ್ಲ. ಅದಕ್ಕೆ ಮೊದಲು ಪಶ್ಚಿಮ ಆಫ್ರಿಕದಲ್ಲಿ ಎಬೋಲಾ ಹನ್ನೊಂದು ಸಾವಿರಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಾಗ ಔಷಧ ಪರೀಕ್ಷೆ ಶುರುವಾದದ್ದು ತೀರಾ ತಡವಾಗಿ. ಮುಖ್ಯವಾದ ಒಂದು ಪರೀಕ್ಷೆಗೆ ಸಿಕ್ಕವರು 72 ರೋಗಿಗಳು. ಖಚಿತ ಉತ್ತರ ಸಿಗಲಿಲ್ಲ. ಆಗ ಭರವಸೆ ಹುಟ್ಟಿಸಿದ್ದ ಆ ಔಷಧವೇ ಕಾಂಗೋದಲ್ಲಿ ಹಿಂದೆ ಬಿತ್ತು.

ತರಬೇತಿ: ಯುದ್ಧ ಮುಗಿಯುವವರೆಗೆ ಕಾಯಲಾಗದು

ಈಗ ನಿಮ್ಮ ಇನ್ನೊಂದು ಪ್ರಶ್ನೆ. ಯುದ್ಧ ಬಂದ ಕಡೆ ಮೊದಲು ಊರು ಬಿಡುವವರಲ್ಲಿ ತಜ್ಞ ವೈದ್ಯರೂ ಇರುತ್ತಾರೆ, ಏಕೆಂದರೆ ಅವರಿಗೆ ಬೇರೆಡೆ ಕೆಲಸ ಸಿಗುತ್ತದೆ. ಕಲಿಸುವವರು ಹೋದಮೇಲೆ ಕಲಿಯುವವರೂ ಇಲ್ಲವಾಗುತ್ತಾರೆ. ಒಂದು ಕಾಲೇಜು ಐದು ವರ್ಷ ಮುಚ್ಚಿದರೆ ಆ ದೇಶಕ್ಕೆ ಐದು ತಂಡಗಳ ವೈದ್ಯರು ಇಲ್ಲ. ಕದನವಿರಾಮವಾದ ಮರುದಿನ ಅವರನ್ನು ತರಲು ಆಗುವುದಿಲ್ಲ.

ಮೊಜಾಂಬಿಕ್ 1975ರಲ್ಲಿ ಸ್ವತಂತ್ರವಾದಾಗ ಪೋರ್ಚುಗೀಸ್ ವೈದ್ಯರಲ್ಲಿ ಬಹುಪಾಲು ಹೊರಟುಹೋದರು. 1977ರಿಂದ 1992ರವರೆಗೆ ಅಂತರ್ಯುದ್ಧ. ಹಳ್ಳಿಗಳ ಆರೋಗ್ಯ ಕೇಂದ್ರಗಳು ದಾಳಿಗೆ ಗುರಿಯಾದವು. ಯುದ್ಧದ ನಟ್ಟನಡುವೆ, 1984ರಲ್ಲಿ, ಆ ದೇಶ ಒಂದು ಧೈರ್ಯದ ನಿರ್ಧಾರಕ್ಕೆ ಬಂತು. ಅನುಭವವಿದ್ದ ಆರೋಗ್ಯ ಸಿಬ್ಬಂದಿಯನ್ನು ಆರಿಸಿ, ಮೂರು ವರ್ಷ ಶಸ್ತ್ರಚಿಕಿತ್ಸೆ ಕಲಿಸಿ, ಜಿಲ್ಲಾ ಆಸ್ಪತ್ರೆಗಳಿಗೆ ಕಳಿಸಿತು. ಅವರು ಎಂಬಿಬಿಎಸ್ ಓದಿದವರಲ್ಲ. ಗಾಯಗಳಿಗೆ, ಕರುಳಿನ ತೊಡಕುಗಳಿಗೆ, ಸಿಜೇರಿಯನ್ ಹೆರಿಗೆಗೆ ಕತ್ತರಿ ಹಿಡಿದವರು ಅವರೇ.

ಅಳುಕು ಇಲ್ಲಿಯೂ ಇತ್ತು. ಅದನ್ನು ವಾದದಿಂದ ಅಲ್ಲ, ಲೆಕ್ಕದಿಂದ ಪರೀಕ್ಷಿಸಿದರು. 1996ರಲ್ಲಿ ಪ್ರಕಟವಾದ ಅಧ್ಯಯನ ಇವರು ಮಾಡಿದ 958 ಸಿಜೇರಿಯನ್‌ಗಳನ್ನು ಪ್ರಸೂತಿ ತಜ್ಞರು ಮಾಡಿದ 1,113ರೊಂದಿಗೆ ಹೋಲಿಸಿ ನೋಡಿತು. ತಾಯಿ, ಮಗುವಿನ ಕ್ಷೇಮದಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. 2007ರ ಅಧ್ಯಯನ ಇನ್ನೂ ಕಣ್ಣು ತೆರೆಸುವಂಥದ್ದು. ಜಿಲ್ಲಾ ಆಸ್ಪತ್ರೆಗೆ ನೇಮಕವಾಗಿ ಏಳು ವರ್ಷ ಕಳೆದ ಮೇಲೆ ಈ ಶಸ್ತ್ರಚಿಕಿತ್ಸಾ ತಂತ್ರಜ್ಞರಲ್ಲಿ ನೂರಕ್ಕೆ 88 ಮಂದಿ ಇನ್ನೂ ಜಿಲ್ಲೆಗಳಲ್ಲೇ ಇದ್ದರು. ಅದೇ ಹೊತ್ತಿಗೆ ಅಲ್ಲಿಗೆ ಹೋಗಿದ್ದ ವೈದ್ಯರಲ್ಲಿ ಒಬ್ಬರೂ ಉಳಿದಿರಲಿಲ್ಲ.

1971ರ ಯುದ್ಧವೂ ಇದೇ ಪಾಠ ಹೇಳುತ್ತದೆ. ಇಂಗ್ಲೆಂಡಿನಲ್ಲಿ ಶಸ್ತ್ರಚಿಕಿತ್ಸೆ ಕಲಿಯುತ್ತಿದ್ದ ಝಫರುಲ್ಲಾ ಚೌಧುರಿ ಓದು ನಿಲ್ಲಿಸಿ ಬಂದು, ಡಾ. ಎಂ.ಎ. ಮೊಬಿನ್ ಮುಂತಾದವರ ಜೊತೆ ತ್ರಿಪುರಾದಲ್ಲಿ ಬಿದಿರಿನಿಂದ ಕಟ್ಟಿದ 480 ಹಾಸಿಗೆಯ ಆಸ್ಪತ್ರೆ ನಡೆಸಿದರು. ನರ್ಸುಗಳಿರಲಿಲ್ಲ. ಆಸ್ಪತ್ರೆ ಕೆಲಸವೇ ಗೊತ್ತಿಲ್ಲದ ಹೆಣ್ಣುಮಕ್ಕಳು ಸ್ವಯಂಸೇವಕಿಯರಾಗಿ ಬಂದು ಅಲ್ಲಿಯೇ ಕಲಿತು, ಗಾಯಾಳುಗಳನ್ನು ನೋಡಿಕೊಂಡರು. ಯುದ್ಧ ಮುಗಿದ ಮೇಲೆ ಝಫರುಲ್ಲಾ ಆ ಪಾಠವನ್ನು ಬಿಡಲಿಲ್ಲ. 1972ರಲ್ಲಿ ಬಾಂಗ್ಲಾದೇಶದ ಸಾವಾರ್‌ನಲ್ಲಿ ಗೊಣೊಶಾಸ್ತ್ಯ ಕೇಂದ್ರ ಕಟ್ಟಿ ಹಳ್ಳಿಯ ಹೆಣ್ಣುಮಕ್ಕಳನ್ನು ಆರೋಗ್ಯ ಕಾರ್ಯಕರ್ತೆಯರನ್ನಾಗಿ ಬೆಳೆಸಿದರು. ಅದೇ ದೇಶದಲ್ಲಿ 1980ರಿಂದ ಬ್ರ್ಯಾಕ್ ಸಂಸ್ಥೆಯ ಕಾರ್ಯಕರ್ತೆಯರು ಮನೆಮನೆಗೆ ಹೋಗಿ, ಚಿಟಿಕೆ ಉಪ್ಪು, ಹಿಡಿ ಬೆಲ್ಲ, ನೀರಿನಲ್ಲಿ ದ್ರಾವಣ ಮಾಡುವುದನ್ನು ತಾಯಂದಿರಿಗೆ ಕಲಿಸಿದರು. ಕಲಿಸಿದ್ದನ್ನು ತಾಯಿ ಎಷ್ಟು ನೆನಪಿಟ್ಟುಕೊಂಡಳೋ ಅದರ ಮೇಲೆ ಕಲಿಸಿದವಳ ಸಂಬಳ. ತರಬೇತಿಗೆ ಇದಕ್ಕಿಂತ ಪ್ರಾಮಾಣಿಕವಾದ ಪರೀಕ್ಷೆ ನನಗೆ ಗೊತ್ತಿಲ್ಲ.

ನಿಮ್ಮ ಬೀದಿಯ ಹುಡುಗನ ವಿಚಾರಕ್ಕೆ ಬರುತ್ತೇನೆ. 2022ರಲ್ಲಿ ಉಕ್ರೇನಿನಿಂದ ಸರ್ಕಾರ ಸುಮಾರು 22,500 ಭಾರತೀಯರನ್ನು ಕರೆತಂದಿತು. ಹೆಚ್ಚಿನವರು ವೈದ್ಯ ವಿದ್ಯಾರ್ಥಿಗಳು, ಅವರಲ್ಲಿ ಕರ್ನಾಟಕದ ಮಕ್ಕಳೂ ಬಹಳ. ಅಲ್ಲಿನ ಕಾಲೇಜುಗಳು ಪಾಠವನ್ನು ಆನ್‌ಲೈನ್‌ನಲ್ಲಿ ಮುಂದುವರಿಸಿದವು. ಆದರೆ ಹೃದಯದ ಸದ್ದನ್ನು, ಊದಿದ ಹೊಟ್ಟೆಯ ಬಿಗುವನ್ನು ಪರದೆಯ ಮೇಲೆ ಕಲಿಯಲಾಗದು. ಆದ್ದರಿಂದಲೇ ರಾಷ್ಟ್ರೀಯ ವೈದ್ಯಕೀಯ ಆಯೋಗ, ಹೀಗೆ ಕೊನೆಯ ವರ್ಷವನ್ನು ಮನೆಯಿಂದ ಮುಗಿಸಿ ಅರ್ಹತಾ ಪರೀಕ್ಷೆ ಪಾಸಾದವರು ಒಂದರ ಬದಲು ಎರಡು ವರ್ಷ ಇಂಟರ್ನ್‌ಶಿಪ್ ಮಾಡಬೇಕೆಂದಿತು. ಉಕ್ರೇನಿನ ಕಾಲೇಜಿನ ವಿದ್ಯಾರ್ಥಿಯಾಗಿಯೇ ಉಳಿದು ಬೇರೆ ದೇಶದಲ್ಲಿ ಓದು ಮುಗಿಸಲೂ ಒಪ್ಪಿಗೆ ಕೊಟ್ಟಿತು. 2023ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಕೊನೆಯ ವರ್ಷದವರಿಗೆ ಇಲ್ಲಿಯ ಅಂತಿಮ ಪರೀಕ್ಷೆ ಬರೆಯುವ ಒಂದು ಬಾರಿಯ ಅವಕಾಶವೂ ಸಿಕ್ಕಿತು. ನಡುವಿನ ವರ್ಷಗಳಲ್ಲಿದ್ದವರ ಪಾಡು ಇನ್ನೂ ಕಷ್ಟದ್ದಾಗಿತ್ತು. ನಿಯಮ ಬಿಗಿಯಾಯಿತೆಂದು ಆ ಮಕ್ಕಳಿಗೂ ಮನೆಯವರಿಗೂ ನೋವಾಗಿರುವುದು ಸಹಜ. ಆದರೆ ರೋಗಿಯ ಮಗ್ಗುಲಲ್ಲಿ ನಿಂತು ಕಲಿಯಬೇಕಾದದ್ದಕ್ಕೆ ಬದಲಿ ಇಲ್ಲ ಎಂಬ ಮಾತು ಮಾತ್ರ ನಿಜ. ಬಾಂಬಿಗೆ ಹೆದರಿ ನೆಲಮಾಳಿಗೆಗೆ ಇಳಿದು ಕಲಿತ ಉಕ್ರೇನಿನ ವಿದ್ಯಾರ್ಥಿಗಳಿಗೂ ಅದು ಅಷ್ಟೇ ನಿಜ.

ಹಾಗಾದರೆ ನ್ಯಾಯದ ಅಳತೆ ಯಾವುದು?

ಇನ್ನು ಮುಂದೆ ಇಂಥ ಸುದ್ದಿ ಓದಿದಾಗ ಮೂರು ಪ್ರಶ್ನೆ ಕೇಳಿಕೊಳ್ಳಿ. ಪರೀಕ್ಷಿಸುತ್ತಿರುವ ಮದ್ದು ಅಲ್ಲಿನವರ ಕಾಯಿಲೆಗೋ, ಬೇರೆಯವರದಕ್ಕೋ? ಬೇಡವೆಂದವರಿಗೂ ಅನ್ನ, ಆರೈಕೆ, ಆಶ್ರಯ ಅಷ್ಟೇ ಸಿಗುತ್ತದೆಯೇ? ಸಂಶೋಧಕರು ಹೊರಟ ಮೇಲೆ ಆ ಚಿಕಿತ್ಸೆ ಕೊಡಬಲ್ಲವರು ಅಲ್ಲಿ ಉಳಿಯುತ್ತಾರೆಯೇ? ಎರಡನೆಯದು ಎಲ್ಲಕ್ಕಿಂತ ಸೂಕ್ಷ್ಮ. ಆಸ್ಪತ್ರೆಯೊಂದೇ ಸುರಕ್ಷಿತ ಜಾಗವಾದಾಗ ಮನುಷ್ಯ ಯಾವ ಕಾಗದಕ್ಕೂ ಸಹಿ ಹಾಕುತ್ತಾನೆ. ಅಂಥ ಸಹಿಯನ್ನು ಒಪ್ಪಿಗೆ ಎಂದು ಕರೆಯಲಾಗದು. ಚಿಕಿತ್ಸೆ ಬೇರೆ, ಪರೀಕ್ಷೆ ಬೇರೆ, ಬೇಡವೆಂದರೂ ನಿನ್ನನ್ನು ಹೊರಗೆ ಕಳಿಸುವುದಿಲ್ಲ ಎಂದು ಅವನ ಭಾಷೆಯಲ್ಲಿ, ಅವನು ನಂಬುವ ವ್ಯಕ್ತಿಯ ಬಾಯಿಂದ ಹೇಳಿಸಬೇಕು. ಮೂರನೆಯ ಪ್ರಶ್ನೆಯಲ್ಲಿ ಸಂಶೋಧನೆ ಮತ್ತು ತರಬೇತಿ ಒಂದಾಗುತ್ತವೆ. ಬನಗಾಂವ್‌ನಲ್ಲಿ ಚಿಕಿತ್ಸೆ ಮನೆಯವರ ಲೋಟದಲ್ಲಿ ಉಳಿಯಿತು. ಮೊಜಾಂಬಿಕ್‌ನಲ್ಲಿ ಜಿಲ್ಲೆಯ ತಂತ್ರಜ್ಞರ ಕೈಯಲ್ಲಿ ಉಳಿಯಿತು. ಎಲ್ಲಿ ಹೀಗೆ ಉಳಿಯುವುದಿಲ್ಲವೋ ಅಲ್ಲಿ ನಿಮ್ಮ ಅನುಮಾನವೇ ಸರಿ.

ಇವೆಲ್ಲಕ್ಕೂ ಮೊದಲು ಒಂದು ಷರತ್ತಿದೆ: ಆಸ್ಪತ್ರೆ ನಿಂತಿರಬೇಕು, ಒಳಗಿರುವವರು ಬದುಕಿರಬೇಕು. ಗಾಯಾಳುಗಳನ್ನೂ ಅವರನ್ನು ನೋಡಿಕೊಳ್ಳುವವರನ್ನೂ ಮುಟ್ಟಬಾರದು ಎಂದು ಜಿನೀವಾದಲ್ಲಿ ದೇಶಗಳು ಮೊದಲು ಮಾತು ಕೊಟ್ಟದ್ದು 1864ರಲ್ಲಿ. 2016ರ ಮೇ ತಿಂಗಳಲ್ಲಿ ವಿಶ್ವಸಂಸ್ಥೆಯ ಭದ್ರತಾ ಮಂಡಳಿ 2286ನೇ ನಿರ್ಣಯದಲ್ಲಿ ಅದೇ ಮಾತನ್ನು ಮತ್ತೆ ಹೇಳಬೇಕಾಯಿತು, ಏಕೆಂದರೆ ಮಾತು ಮುರಿದವರಿಗೆ ಶಿಕ್ಷೆಯಾದದ್ದು ಅಪರೂಪ. ಆ ಶಿಕ್ಷೆ ಆಗುವಂತೆ ಒತ್ತಾಯಿಸುವುದು ಯುದ್ಧವಿಲ್ಲದ ದೇಶಗಳ ಪ್ರಜೆಗಳಿಂದಲೂ ಆಗಬೇಕಾದ ಕೆಲಸ. ಕಾಲರಾ ಶಿಬಿರದಲ್ಲಿ ಗಟ್ಟಿಯಾದ ಜ್ಞಾನದಿಂದ ನಮ್ಮ ಮನೆಯ ಮಕ್ಕಳು ಬದುಕಿದ್ದಾರೆ. ಆ ಜ್ಞಾನವನ್ನು ಬರಮಾಡಿಕೊಂಡ ನಾವು, ಅದು ಹುಟ್ಟುವ ಕಡೆಯ ಆಸ್ಪತ್ರೆಗಳ ಮೇಲೆ ಬಾಂಬು ಬೀಳುವಾಗ ಅದು ನಮ್ಮ ವಿಷಯವಲ್ಲ ಎಂದು ಹೇಳುವಂತಿಲ್ಲ.